ಒಂದೇ ಕಂಪನಿಯ ಮೊಬೈಲಿನಿಂದ ಮಂಡಿಯ ಲ್ಯಾಂಡ್‌ಲೈನ್‌ಗೆ ಫೋನ್ ಬರುತ್ತಿಲ್ಲ: ಎರಡು ಕಂಪನಿ ನಡುವಿನ ದಾರಿಗೆ ಯಾರು ಹೊಣೆ?

ಬೆಲ್ಲದ ಮಂಡಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮದು ಬೆಲ್ಲದ ವ್ಯಾಪಾರ. ಅಪ್ಪನ ಕಾಲದಿಂದಲೂ ಒಂದೇ ಲ್ಯಾಂಡ್‌ಲೈನ್ ನಂಬರ್. ಬಿಲ್ ಪುಸ್ತಕದಲ್ಲಿ, ಅಂಗಡಿ ಬೋರ್ಡಿನಲ್ಲಿ, ಹೊರ ರಾಜ್ಯದ ವ್ಯಾಪಾರಿಗಳ ಡೈರಿಯಲ್ಲಿ ಇರೋದು ಅದೇ 08232 ನಂಬರ್. ಮೊಬೈಲ್ ನಮ್ಮ ಹತ್ತಿರವೂ ಇದೆ. ಆದರೆ ಮಂಡಿಗೆ ಮಾಡಬೇಕು ಅಂದರೆ ಜನ ಆ ನಂಬರಿಗೇ ಮಾಡುತ್ತಾರೆ.

16 ದಿನದಿಂದ ಒಂದು ಮೊಬೈಲ್ ಕಂಪನಿಯ ಗ್ರಾಹಕರು ಯಾರೇ ಮಾಡಿದರೂ ನಮಗೆ ರಿಂಗ್ ಆಗುತ್ತಿಲ್ಲ. ಆ ನಂಬರೇ ಇಲ್ಲ ಅಂತ ಅವರಿಗೆ ಕೇಳಿಸುತ್ತದಂತೆ. ಬೇರೆ ಕಂಪನಿಯವರ ಫೋನ್ ಚೆನ್ನಾಗಿ ಬರುತ್ತಿದೆ. ಅದಕ್ಕೇ ಮೊದಲ ವಾರ ನಮಗೆ ಗೊತ್ತೇ ಆಗಲಿಲ್ಲ. ಕೀಲಾರದ ಕಡೆಯ ಆಲೆಮನೆಯವರೊಬ್ಬರು ಮಂಡಿಗೇ ಬಂದು, 'ಅಣ್ಣ, ಫೋನ್ ತೆಗೆಸಿಬಿಟ್ರಾ?' ಅಂದಾಗ ತಿಳಿಯಿತು. ಅವರು ಮೂರು ದಿನ ಮಾಡಿ ನೋಡಿ, ಸಿಗದೆ, ಒಂದು ಲೋಡು ಬೆಲ್ಲ ಬೇರೆಯವರಿಗೆ ಹಾಕಿದ್ದರು. ದುಡ್ಡಿನ ಮಾತು ಬಿಡಿ. ನಾನೇ ಬೇಕಂತ ಫೋನ್ ಎತ್ತಲಿಲ್ಲ ಅಂದುಕೊಂಡಿದ್ದರಲ್ಲ, ಅದು ಸಂಕಟ ಆಯಿತು.

ಲ್ಯಾಂಡ್‌ಲೈನ್ ಕಂಪನಿಗೆ ದೂರು ಕೊಟ್ಟೆ. ಲೈನ್‌ಮನ್ ಬಂದರು, ನಮ್ಮ ಫೋನಿನಿಂದ ಒಂದು ಕಾಲ್ ಮಾಡಿದರು, 'ಲೈನ್ ಸರಿ ಇದೆ ಸರ್' ಅಂದರು. ದೂರು ಮುಚ್ಚಿದ ಮೆಸೇಜ್ ಬಂತು. ಮೊಬೈಲ್ ಕಂಪನಿಗೆ ಮಾಡಿದರೆ, 'ನೀವು ನಮ್ಮ ಗ್ರಾಹಕರಲ್ಲ, ದೂರು ದಾಖಲಿಸೋಕೆ ಆಗಲ್ಲ' ಅಂದರು. ಎರಡೂ ಕಂಪನಿಯ ಹೆಸರು ಇಲ್ಲಿ ಹಾಕುವುದಿಲ್ಲ. ನನಗೆ ಬೇಕಿರೋದು ಒಂದೇ ಉತ್ತರ. ಅವರ ಜಾಗ ಮುಗಿದು ಇವರ ಜಾಗ ಶುರುವಾಗುವ ಕಡೆ ಕೆಟ್ಟರೆ ರಿಪೇರಿ ಮಾಡೋರು ಯಾರು? ಅದಕ್ಕೆ ಕಾನೂನು ಇಲ್ವಾ?

ಮದ್ದೂರು ರೈತ

ಅಣ್ಣ, 0 ಹಾಕಿ ಮಾಡೋಕೆ ಹೇಳಿ ನೋಡಿ. ನಮ್ಮ ಮನೇಲೂ ಹಿಂಗೇ ಆಗಿತ್ತು.

ಬೆಲ್ಲದ ಮಂಡಿ, ಮಂಡ್ಯ

ಅದು ಉಲ್ಟಾ ಅಲ್ವಾ ಅಣ್ಣ? ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ 0 ಬೇಕು. 2021ರ ಜನವರಿ 15ರಿಂದ ಆ ನಿಯಮ ಬಂತು. ಮೊಬೈಲಿನಿಂದ ನಮಗೆ ಮಾಡುವವರು ಎಸ್‌ಟಿಡಿ ಕೋಡ್ ಜೊತೆ ಸರಿಯಾಗಿಯೇ ಮಾಡುತ್ತಿದ್ದಾರೆ. ನಾನೇ ನಿಂತು ನೋಡಿದ್ದೇನೆ.

ಹಳೇ ಎಕ್ಸ್‌ಚೇಂಜ್, ಮೈಸೂರು

ನಾನು ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಮೊದಲು ಒಂದು ಪ್ರಶ್ನೆ. ಇತ್ತೀಚೆಗೆ ನಿಮ್ಮ ತಾಮ್ರದ ಲೈನ್ ತೆಗೆದು ಫೈಬರ್ ಹಾಕಿದರಾ? ನಂಬರ್ ಅದೇ ಉಳಿಸಿಕೊಂಡಿರಾ?

ಹೌದು ಅಂದರೆ ನನ್ನ ಅನುಮಾನ ಹೇಳುತ್ತೇನೆ. ಒಂದು ಕಂಪನಿಯ ಫೋನು ಇನ್ನೊಂದು ಕಂಪನಿಯ ಫೋನಿಗೆ ತಾನಾಗಿಯೇ ಸೇರಿಕೊಂಡುಬಿಡುವುದಿಲ್ಲ. ಎರಡೂ ಕಂಪನಿಯವರು ಒಂದು ಜಾಗದಲ್ಲಿ ತಂತಿ ಜೋಡಿಸಿಕೊಂಡಿರುತ್ತಾರೆ. ಅದಕ್ಕೆ ನಾವು ಪಿಒಐ ಅನ್ನುತ್ತೇವೆ, ಪಾಯಿಂಟ್ ಆಫ್ ಇಂಟರ್‌ಕನೆಕ್ಷನ್. ಮಂಡ್ಯದವರಿಗೆ ಹೇಳಬೇಕು ಅಂದರೆ ಅದು ನಾಲೆಯ ತೂಬು. ದೊಡ್ಡ ನಾಲೆಯಲ್ಲಿ ಎಷ್ಟೇ ನೀರಿರಲಿ, ತೂಬು ತೆರೆದಷ್ಟೇ ನಿಮ್ಮ ಗದ್ದೆಗೆ ಬರೋದು.

ಈ ತೂಬಿಗೆ ಅಳತೆಯೂ ಇದೆ. ಹಳೆಯ ಪದ್ಧತಿಯಲ್ಲಿ ಒಂದು ಇ-1 ಅಂದರೆ 2 ಎಂಬಿಪಿಎಸ್ ಲಿಂಕು. ಅದರಲ್ಲಿ ಒಂದೇ ಸಲಕ್ಕೆ 30 ಜನ ಮಾತಾಡಬಹುದು. 31ನೆಯವರಿಗೆ ಜಾಗ ಇಲ್ಲ. ಹೆಚ್ಚು ಕರೆ ಇದ್ದರೆ ಹೆಚ್ಚು ಇ-1 ಹಾಕಿಕೊಳ್ಳಬೇಕು. ಪಿಒಐನಲ್ಲಿ ಜಾಗ ಸಾಲದೆ ವಾಪಸ್ಸಾಗುವ ಕರೆ ಸಾವಿರಕ್ಕೆ 5ಕ್ಕಿಂತ ಜಾಸ್ತಿ ಇರಬಾರದು ಅಂತ ಟ್ರಾಯ್ ನಿಯಮ. ಟ್ರಾಯ್ ಅಂದರೆ ಟೆಲಿಫೋನ್ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಪ್ರಾಧಿಕಾರ.

ನಿಮ್ಮದು ಜಾಗ ಸಾಲದ ತೊಂದರೆ ಅಲ್ಲ. ಜಾಗ ಸಾಲದಿದ್ದರೆ ಹತ್ತು ಸಲದಲ್ಲಿ ನಾಲ್ಕು ಸಲವಾದರೂ ಸಿಗುತ್ತಿತ್ತು. ನಿಮಗೆ ಒಂದೂ ಬರುತ್ತಿಲ್ಲ, 'ನಂಬರೇ ಇಲ್ಲ' ಅನ್ನುತ್ತಿದೆ. ಅಂದರೆ ದಾರಿ ತಪ್ಪಿದೆ. ಪ್ರತಿ ಕಂಪನಿಯ ಸ್ವಿಚ್ಚಿನಲ್ಲೂ, ಅಂದರೆ ಕರೆಯನ್ನು ದಾರಿಗೆ ಹಚ್ಚುವ ಮೆಷಿನ್ನಿನಲ್ಲೂ, ಒಂದು ಪಟ್ಟಿ ಇರುತ್ತದೆ. ಈ ಅಂಕಿಗಳಿಂದ ಶುರುವಾಗುವ ನಂಬರ್ ಇಂಥ ಪಿಒಐಗೆ ಕಳಿಸು ಅಂತ. ಅದನ್ನು ನಾವು ಲೆವೆಲ್ ಓಪನ್ ಮಾಡೋದು ಅಂತ ಕರೆಯುತ್ತಿದ್ದೆವು. ನಿಮ್ಮನ್ನು ಹಳೇ ಎಕ್ಸ್‌ಚೇಂಜಿನಿಂದ ಹೊಸ ಸ್ವಿಚ್ಚಿಗೆ ಹಾಕಿದ್ದಾರೆ. ಆ ಮೊಬೈಲ್ ಕಂಪನಿಯ ಪಟ್ಟಿಯಲ್ಲಿ ಇನ್ನೂ ಹಳೇ ದಾರಿಯೇ ಉಳಿದಿರಬಹುದು. ಕರೆ ಹಳೇ ಜಾಗಕ್ಕೆ ಹೋಗುತ್ತದೆ, ಅಲ್ಲಿ ನೀವಿಲ್ಲ.

ಬೆಲ್ಲದ ಮಂಡಿ, ಮಂಡ್ಯ

ಸರ್, ನೀವು ಹೇಳಿದ್ದು ಹೌದು. ಹೋದ ತಿಂಗಳು ಫೈಬರ್ ಹಾಕಿಸಿದೆವು. ನಂಬರ್ ಅದೇ ಇದೆ. ಇಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಕುವೆಂಪುನಗರ ವಕೀಲೆ

ಕಾನೂನು ಇಲ್ವಾ ಅಂತ ಕೇಳಿದ್ದೀರಿ. ಇದೆ ಸರ್. 1997ರ ಟ್ರಾಯ್ ಕಾಯ್ದೆಯ 11ನೇ ಕಲಮಿನಲ್ಲೇ ಇದೆ. ಕಂಪನಿಗಳ ನಡುವಿನ ಜೋಡಣೆಗೆ ಷರತ್ತು ಹಾಕೋದು, ಆ ಜೋಡಣೆ ಸರಿಯಾಗಿ ಕೆಲಸ ಮಾಡೋ ಹಾಗೆ ನೋಡಿಕೊಳ್ಳೋದು, ಅವರವರ ನಡುವೆ ಆದಾಯ ಹೇಗೆ ಹಂಚಬೇಕು ಅಂತ ತೀರ್ಮಾನಿಸೋದು. ಈ ಮೂರೂ ಟ್ರಾಯ್ ಕೆಲಸ.

2018ರ ಫೆಬ್ರವರಿ 1ರಿಂದ ಜಾರಿಗೆ ಬಂದ ಇಂಟರ್‌ಕನೆಕ್ಷನ್ ನಿಯಮಾವಳಿ ಬೇರೆ ಇದೆ. ಒಂದು ಕಂಪನಿ ಕೇಳಿದರೆ ಇನ್ನೊಂದು ಕಂಪನಿ 30 ದಿನದೊಳಗೆ ಒಪ್ಪಂದ ಮಾಡಿಕೊಳ್ಳಬೇಕು. ಒಬ್ಬರಿಗೆ ಒಂದು ಷರತ್ತು, ಇನ್ನೊಬ್ಬರಿಗೆ ಇನ್ನೊಂದು ಅನ್ನುವ ಹಾಗಿಲ್ಲ. ಮುರಿದರೆ ಒಂದೊಂದು ಸರ್ಕಲ್‌ಗೆ ದಿನಕ್ಕೆ 1 ಲಕ್ಷ ರೂಪಾಯಿವರೆಗೂ ದಂಡ. ನಮ್ಮ ದೇಶದಲ್ಲಿ ಅಂಥ 22 ಸರ್ಕಲ್ ಇವೆ, ಕರ್ನಾಟಕ ಒಂದು.

ಆದರೆ ನಿಮ್ಮ ಕಷ್ಟ ಇಲ್ಲೇ ಶುರುವಾಗೋದು. ಇದೆಲ್ಲ ಕಂಪನಿ ಕಂಪನಿ ನಡುವಿನ ಕಾನೂನು. ಅವರು ಜಗಳ ಆಡಿದರೆ ದೆಹಲಿಯ ಟಿಡಿಸ್ಯಾಟ್‌ಗೆ ಹೋಗುತ್ತಾರೆ. 2000ದಲ್ಲಿ ಕಾಯ್ದೆ ತಿದ್ದಿ ಆ ನ್ಯಾಯಮಂಡಳಿ ಮಾಡಿದರು. ಒಬ್ಬ ಗ್ರಾಹಕರ ದೂರನ್ನು ಟ್ರಾಯ್ ನೇರವಾಗಿ ವಿಚಾರಿಸುವುದಿಲ್ಲ. ನೀವು ಮೊದಲು ನಿಮ್ಮ ಕಂಪನಿಗೇ ದೂರು ಕೊಡಬೇಕು, ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್, ತೆಗೆದುಕೊಳ್ಳಬೇಕು. ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬೇಕು. 2012ರ ನಿಯಮದ ಪ್ರಕಾರ ಅವರು 39 ದಿನದೊಳಗೆ ತೀರ್ಮಾನ ಹೇಳಬೇಕು.

ಅದೂ ಆಗದಿದ್ದರೆ ಗ್ರಾಹಕರ ಆಯೋಗ ಇದೆ. ಟೆಲಿಫೋನ್ ದೂರನ್ನು ಅಲ್ಲಿ ಕೇಳುವ ಹಾಗಿಲ್ಲ ಅನ್ನೋ ವಾದ ಬಹಳ ವರ್ಷ ನಡೆಯಿತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತೆರೆ ಎಳೆಯಿತು. ಗ್ರಾಹಕರು ಅಲ್ಲಿಗೆ ಹೋಗಬಹುದು ಅಂತ ಹೇಳಿತು.

ಶ್ರೀರಂಗಪಟ್ಟಣ ಬೂತು

ಇದನ್ನು ಓದಿ ನನಗೆ ನಮ್ಮ ಎಸ್‌ಟಿಡಿ ಬೂತಿನ ದಿನಗಳು ನೆನಪಾದವು. ಬಸ್ ಸ್ಟ್ಯಾಂಡ್ ಹತ್ತಿರ ಹಳದಿ ಬೋರ್ಡು. ರಾತ್ರಿ 11ರ ಮೇಲೆ ಕಾಲು ರೇಟು. ಮಳೆಯಲ್ಲೂ ಟವೆಲ್ ಹೊದ್ದು ಸಾಲು ನಿಲ್ಲೋರು. ಆಗ ಫೋನ್ ಅಂದರೆ ಸರ್ಕಾರದ್ದೊಂದೇ. ಎರಡು ಕಂಪನಿ ನಡುವಿನ ದಾರಿ ಅನ್ನೋ ಮಾತೇ ಇರಲಿಲ್ಲ.

1995ರ ಜುಲೈ 31ಕ್ಕೆ ಮೊದಲ ಮೊಬೈಲ್ ಕರೆ ಆಯಿತು. ಕಲ್ಕತ್ತೆಯಿಂದ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಟೆಲಿಕಾಂ ಮಂತ್ರಿ ಸುಖ್ ರಾಮ್ ಅವರಿಗೆ ಮಾಡಿದ್ದು. ನಮ್ಮ ಕಡೆ ಮೊಬೈಲ್ ಬಂದ ಮೇಲೆ ಒಂದು ವಿಚಿತ್ರ ನೋಡಿದೆ. ಫೋನ್ ಬಂದವರೂ ದುಡ್ಡು ಕೊಡಬೇಕಿತ್ತು. ಕಾಂಟ್ರಾಕ್ಟರ್ ಒಬ್ಬರು ಮೊಬೈಲ್ ರಿಂಗ್ ಆದ ತಕ್ಷಣ ನಂಬರ್ ನೋಡಿ ಕಟ್ ಮಾಡಿ, ಓಡಿ ನಮ್ಮ ಬೂತಿಗೆ ಬಂದು ವಾಪಸ್ ಮಾಡೋರು. 2003ರ ಮೇ 1ಕ್ಕೆ ಇನ್‌ಕಮಿಂಗ್ ಫ್ರೀ ಆಯಿತು. ಅವತ್ತಿನಿಂದ ಅವರು ಬೂತಿಗೆ ಬರಲಿಲ್ಲ. ಯಾರು ಆ ದುಡ್ಡು ಕಟ್ಟುತ್ತಾ ಇದ್ದಾರೆ ಅಂತ ನಾನಾಗ ಯೋಚನೆಯನ್ನೇ ಮಾಡಲಿಲ್ಲ.

ಹಳೇ ಎಕ್ಸ್‌ಚೇಂಜ್, ಮೈಸೂರು

ಬೂತಿನವರೇ, ಬಹಳ ಒಳ್ಳೆಯ ಜಾಗಕ್ಕೆ ಬಂದಿರಿ. ಆ ದುಡ್ಡನ್ನು ಫೋನ್ ಮಾಡಿದವರೇ ಕಟ್ಟುತ್ತಿದ್ದರು. ಅವತ್ತಿನಿಂದ ಐಯುಸಿ ಅನ್ನೋ ಪದ್ಧತಿ ಜಾರಿಗೆ ಬಂತು. ನನ್ನ ಗ್ರಾಹಕ ನಿಮ್ಮ ಗ್ರಾಹಕರಿಗೆ ಫೋನ್ ಮಾಡಿದರೆ, ಕರೆಯನ್ನು ಕೊನೆ ಮುಟ್ಟಿಸಿದ್ದಕ್ಕೆ ನಾನು ನಿಮ್ಮ ಕಂಪನಿಗೆ ನಿಮಿಷಕ್ಕೆ ಇಷ್ಟು ಅಂತ ಕೊಡಬೇಕು. ಅದು ಟರ್ಮಿನೇಷನ್ ಚಾರ್ಜು. ಮೊಬೈಲಿಗೆ ಅದು 2004ರ ಫೆಬ್ರವರಿಯಿಂದ ನಿಮಿಷಕ್ಕೆ 30 ಪೈಸೆ ಇತ್ತು. 2009ರ ಏಪ್ರಿಲ್‌ಗೆ 20 ಪೈಸೆ ಆಯಿತು, 2015ರ ಮಾರ್ಚ್‌ಗೆ 14 ಪೈಸೆ, 2017ರ ಅಕ್ಟೋಬರ್‌ಗೆ 6 ಪೈಸೆ. 2020ರ ಜನವರಿಗೆ ಸೊನ್ನೆ ಆಗಬೇಕಿತ್ತು. ಒಂದು ವರ್ಷ ಮುಂದೆ ಹಾಕಿ 2021ರ ಜನವರಿ 1ಕ್ಕೆ ಸೊನ್ನೆ ಮಾಡಿದರು.

ಮಂಡಿಯವರೇ, ನಿಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ ಇದೆ. ಲ್ಯಾಂಡ್‌ಲೈನ್ ಇರುವ ಕರೆಗಳಿಗೆ ಅದು 2015ರಲ್ಲೇ ಸೊನ್ನೆ ಆಯಿತು.

ಇನ್ನೊಂದನ್ನೂ ಹೇಳಲೇಬೇಕು. 2003ರಿಂದ 2008ರವರೆಗೆ ಎಡಿಸಿ ಅಂತ ಒಂದು ಹಣ ಇತ್ತು. ಬೇರೆ ಕಂಪನಿಗಳು ಬಿಎಸ್‌ಎನ್‌ಎಲ್‌ಗೆ ಕೊಡಬೇಕಿದ್ದ ಹಣ. ಹಳ್ಳಿಯಲ್ಲಿ ತಂತಿ ಎಳೆದು ಲ್ಯಾಂಡ್‌ಲೈನ್ ಕೊಟ್ಟರೆ ಬಾಡಿಗೆಯಿಂದ ಖರ್ಚು ಹುಟ್ಟುತ್ತಿರಲಿಲ್ಲ. ಆ ನಷ್ಟ ತುಂಬೋಕೆ ಅದು. 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾಯಿತು. ಎಸಿ ಇಲ್ಲದೆ, ಧೂಳಿನಲ್ಲಿ, ನಮ್ಮ ಬಿಸಿಲಿನಲ್ಲಿ ನಡೆಯುವ ಹಾಗೆ ನಮ್ಮವರೇ ಮಾಡಿದ ಮೆಷಿನ್ನು ಅದು. ಅಂಥವನ್ನು ಹಳ್ಳಿ ಹಳ್ಳಿಯಲ್ಲಿ ನೋಡಿಕೊಂಡವರಲ್ಲಿ ನಾನೂ ಒಬ್ಬ. ಎಡಿಸಿ ನಿಂತಾಗ ನಮಗೆ ಬಹಳ ನೋವಾಗಿತ್ತು. ಹಾಗಂತ ಅದು ಸರಿಯಾದ ದಾರಿಯಾಗಿತ್ತು ಅಂತ ಇವತ್ತು ನಾನು ವಾದ ಮಾಡಲ್ಲ. ಹಳ್ಳಿಯ ಖರ್ಚನ್ನು ಕರೆಯ ಮೇಲೆ ಹೇರಿದರೆ ಎಲ್ಲರ ಕರೆಯೂ ದುಬಾರಿ ಆಗುತ್ತದೆ.

ಮದ್ದೂರು ರೈತ

ಸರ್, ಒಂದು ಅರ್ಥ ಆಗಲಿಲ್ಲ. ಅವರ ದುಡ್ಡಿನ ಲೆಕ್ಕ ಅವರೇ ಕೂತು ಮಾತಾಡಿಕೊಳ್ಳಲಿ. ಸರ್ಕಾರ ಯಾಕೆ ರೇಟು ಕಟ್ಟಬೇಕು? ಅಂಗಡಿಯವರಿಗೆ ನಾವು ರೇಟು ಕಟ್ಟುತ್ತೀವಾ?

ಕುವೆಂಪುನಗರ ವಕೀಲೆ

ಅಣ್ಣ, ಒಳ್ಳೇ ಪ್ರಶ್ನೆ. ಒಂದು ಅಂಗಡಿ ಬೆಲೆ ಜಾಸ್ತಿ ಹೇಳಿದರೆ ನೀವು ಪಕ್ಕದ ಅಂಗಡಿಗೆ ಹೋಗುತ್ತೀರಿ. ಆದರೆ ನೀವು ಬೆಲ್ಲದ ಮಂಡಿಯವರಿಗೇ ಫೋನ್ ಮಾಡಬೇಕು ಅಂದರೆ ಬೇರೆ ದಾರಿ ಇಲ್ಲ. ಅವರು ಯಾವ ಕಂಪನಿಯಲ್ಲಿದ್ದಾರೋ ಆ ಕಂಪನಿಯೇ ಕರೆಯನ್ನು ಮುಟ್ಟಿಸಬೇಕು. ಆ ಕೊನೇ ಮೈಲಿಯಲ್ಲಿ ಎಂಥ ಸಣ್ಣ ಕಂಪನಿಯೂ ಒಬ್ಬನೇ ಯಜಮಾನ. 5 ರೂಪಾಯಿ ಕೊಡಿ ಅಂದರೂ ಕೊಡಬೇಕು. ಕೊಡೋರು ಯಾರು? ಫೋನ್ ಮಾಡಿದವರು. ಕಂಪನಿ ಆರಿಸಿಕೊಂಡವರು ಯಾರು? ಫೋನ್ ಬಂದವರು. ಇಬ್ಬರೂ ಬೇರೆ ಬೇರೆ. ಹಾಗಾಗಿ ಪೈಪೋಟಿ ಇದ್ದರೂ ಆ ಬೆಲೆ ಇಳಿಯಲ್ಲ.

ಮದ್ದೂರು ರೈತ

ಈಗ ಅರ್ಥ ಆಯಿತು ಮೇಡಂ. ಕಬ್ಬಿನ ಥರಾನೇ. ನಮ್ಮ ಊರು ಇಂಥ ಫ್ಯಾಕ್ಟರಿ ವ್ಯಾಪ್ತಿ ಅಂತ ಗೆರೆ ಹಾಕಿದ ಮೇಲೆ ಅಲ್ಲಿಗೇ ಕಬ್ಬು ಸಾಗಿಸಬೇಕು. ಕಡಿದ ಕಬ್ಬು ಕಾಯಲ್ಲ, ತೂಕ ಇಳಿಯುತ್ತದೆ. ಫ್ಯಾಕ್ಟರಿ ಹೇಳಿದ ರೇಟಿಗೇ ಕೊಡಬೇಕಾಗುತ್ತದೆ ಅಂತಾನೇ ಸರ್ಕಾರ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿ ನಿಗದಿ ಮಾಡೋದು.

ಹಂಗಾದರೆ ಈಗ ಸೊನ್ನೆ ಮಾಡಿದ್ದು ಮುಯ್ಯಾಳು ಹೋದಂಗೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು ಬರೋದು, ನಾಳೆ ನಮ್ಮ ಗದ್ದೆಗೆ ನೀವು ಬರೋದು. ಕೂಲಿ ಯಾರೂ ಯಾರಿಗೂ ಕೊಡಂಗಿಲ್ಲ. ಸರೀನಾ?

ಹಳೇ ಎಕ್ಸ್‌ಚೇಂಜ್, ಮೈಸೂರು

ನೂರಕ್ಕೆ ನೂರು ಸರಿ. ಅದಕ್ಕೆ ಬಿಲ್ ಅಂಡ್ ಕೀಪ್ ಅನ್ನುತ್ತಾರೆ. ನಿಮ್ಮ ಗ್ರಾಹಕರಿಂದ ನೀವು ತೆಗೆದುಕೊಂಡದ್ದು ನಿಮಗೆ, ನಮ್ಮ ಗ್ರಾಹಕರಿಂದ ಬಂದದ್ದು ನಮಗೆ. ನಿಮ್ಮ ಮುಯ್ಯಾಳಿನ ಮಾತಿನಲ್ಲೇ ಅದರ ತೊಡಕೂ ಇದೆ. ಒಬ್ಬರದು 10 ಎಕರೆ, ಇನ್ನೊಬ್ಬರದು 10 ಗುಂಟೆ ಆದರೆ? ಒಬ್ಬರು ಬರೀ ಕೆಲಸ ಮಾಡಿಸಿಕೊಂಡು ತಿರುಗಿ ಬರದೇ ಇದ್ದರೆ?

2016ರಲ್ಲಿ ಆ ಜಗಳ ಇಡೀ ದೇಶಕ್ಕೆ ಗೊತ್ತಾಯಿತು. ಆ ವರ್ಷ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಯಿತು. ಕರೆಗೆ ದುಡ್ಡಿಲ್ಲ. ಎಲ್ಲರೂ ಅಲ್ಲಿಂದ ಬೇರೆ ಕಂಪನಿಗಳಿಗೆ ಮಾಡೋಕೆ ನಿಂತರು. ಪಿಒಐಗಳು ತುಂಬಿಹೋದವು. ಬೇಕಾದಷ್ಟು ಪೋರ್ಟ್, ಅಂದರೆ ಪಿಒಐನಲ್ಲಿ ಜಾಗ, ಕೊಡುತ್ತಿಲ್ಲ ಅಂತ ಹೊಸ ಕಂಪನಿ. ಫ್ರೀ ಕರೆ ಬಿಟ್ಟು ನಮ್ಮ ಕಡೆಗೆ ಪ್ರವಾಹ ಹರಿಸಿದ್ದೀರಿ ಅಂತ ಹಳೇ ಕಂಪನಿಗಳು. ಅಕ್ಟೋಬರ್ 21ಕ್ಕೆ ಟ್ರಾಯ್ ಏರ್‌ಟೆಲ್, ವೊಡಾಫೋನ್, ಐಡಿಯಾ ಮೂರರ ಮೇಲೂ ಸೇರಿ 3,050 ಕೋಟಿ ರೂಪಾಯಿ ದಂಡಕ್ಕೆ ಶಿಫಾರಸು ಮಾಡಿತು. ಸರ್ಕಲ್‌ಗೆ 50 ಕೋಟಿ ಲೆಕ್ಕ. ಆ ಕಂಪನಿಗಳು ಒಪ್ಪಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಕಡೆಯವರ ಮಾತಿನಲ್ಲೂ ಹುರುಳಿತ್ತು. ಆದರೂ ತೂಬು ಮುಚ್ಚಿ ಜಗಳ ಆಡಬಾರದು. ತೂಬು ತೆರೆದಿರಬೇಕು, ಲೆಕ್ಕ ಆಮೇಲೆ ಆಗಬೇಕು. ನೀರಿಲ್ಲದೆ ಒಣಗೋದು ಗ್ರಾಹಕನ ಗದ್ದೆ.

ಒಂಟಿಕೊಪ್ಪಲಿನವ, ಈಗ ಅಮೆರಿಕದಲ್ಲಿ

ನಮ್ಮ ಊರಿನವರು ಇಷ್ಟು ಚೆನ್ನಾಗಿ ಈ ವಿಷಯ ಮಾತಾಡುತ್ತಿರೋದು ನೋಡಿ ಖುಷಿಯಾಯಿತು. ಇಲ್ಲಿಯ ಕಥೆಯನ್ನೂ ಹೇಳುತ್ತೇನೆ.

ನೂರು ವರ್ಷದ ಹಿಂದೆ ಇಲ್ಲಿ ಒಂದೇ ಪಟ್ಟಣದಲ್ಲಿ ಎರಡು ಟೆಲಿಫೋನ್ ಕಂಪನಿ ಇರುತ್ತಿದ್ದವು. ಒಂದಕ್ಕೊಂದು ಜೋಡಣೆ ಇಲ್ಲ. ಅಂಗಡಿಯವರು ಎರಡು ಕಂಪನಿಯ ಎರಡು ಫೋನ್ ಇಟ್ಟುಕೊಳ್ಳಬೇಕಿತ್ತು. 1913ರಲ್ಲಿ ಎಟಿ ಅಂಡ್ ಟಿ ಕಂಪನಿ ಸರ್ಕಾರದ ಒತ್ತಡಕ್ಕೆ ಮಣಿದು, ಬೇರೆ ಸಣ್ಣ ಕಂಪನಿಗಳಿಗೂ ತನ್ನ ದೂರದ ಲೈನ್ ಕೊಡುತ್ತೇನೆ ಅಂತ ಬರೆದುಕೊಟ್ಟಿತು. 1984ರಲ್ಲಿ ಆ ಕಂಪನಿಯನ್ನೇ ಒಡೆದರು. 1996ರ ಟೆಲಿಕಾಂ ಕಾಯ್ದೆಯಲ್ಲಿ ಪ್ರತಿ ಕಂಪನಿಯೂ ಇನ್ನೊಂದಕ್ಕೆ ಜೋಡಣೆ ಕೊಡಲೇಬೇಕು, ಕರೆ ಮುಟ್ಟಿಸಿದ್ದಕ್ಕೆ ಪರಸ್ಪರ ದುಡ್ಡು ಕೊಡಬೇಕು ಅಂತ ಬರೆದರು.

ದೊಡ್ಡ ಕಂಪನಿಗಳು ಆಗ ಆ ರೇಟು ಚೆನ್ನಾಗಿಯೇ ಇರಲಿ ಅಂದವು. ಎಲ್ಲರೂ ನಮ್ಮ ಗ್ರಾಹಕರಿಗೇ ತಾನೇ ಫೋನ್ ಮಾಡೋದು ಅನ್ನೋ ಲೆಕ್ಕ. ಆಗ ಇಂಟರ್ನೆಟ್ ಬಂತು. ಫೋನ್ ಲೈನಿನಿಂದಲೇ ಡಯಲ್ ಮಾಡಿ ಗಂಟೆಗಟ್ಟಲೆ ಹಿಡಿದುಕೊಂಡಿರುವ ಕಾಲ. ಹೊಸ ಸಣ್ಣ ಕಂಪನಿಗಳು ಇಂಟರ್ನೆಟ್ ಕೊಡುವವರನ್ನೇ ಹುಡುಕಿ ತಮ್ಮ ಗ್ರಾಹಕರನ್ನಾಗಿ ಮಾಡಿಕೊಂಡವು. ಇಂಟರ್ನೆಟ್ ಕೊಡುವವರು ಯಾರಿಗೂ ಫೋನ್ ಮಾಡುವುದಿಲ್ಲ. ಅವರಿಗೆ ಬರೋದಷ್ಟೇ. ನಿಮಿಷ ನಿಮಿಷಕ್ಕೂ ದೊಡ್ಡ ಕಂಪನಿಗಳಿಂದ ದುಡ್ಡು ಹರಿಯಿತು. ತಾವೇ ಕೇಳಿದ ರೇಟು ತಮಗೇ ತಿರುಗಿತು.

ಆಮೇಲೆ ಅಯೋವಾ ರಾಜ್ಯದ ಕೆಲವು ಹಳ್ಳಿ ಕಂಪನಿಗಳ ಕಥೆ. ಹಳ್ಳಿಯಲ್ಲಿ ಖರ್ಚು ಜಾಸ್ತಿ ಅಂತ ಅವರಿಗೆ ರೇಟು ಜಾಸ್ತಿ ಇತ್ತು. ಫ್ರೀ ಕಾನ್ಫರೆನ್ಸ್ ಕಾಲ್ ನಡೆಸುವವರ ನಂಬರುಗಳನ್ನು ತಂದು ಆ ಹಳ್ಳಿಯಲ್ಲಿ ಕೂರಿಸಿದರು. ಇಡೀ ದೇಶ ಅಲ್ಲಿಗೆ ಫೋನ್ ಮಾಡಿತು. ಹಳ್ಳಿಯವರ ಫೋನ್ ಉಳಿಸೋಕೆ ಅಂತ ಇಟ್ಟ ದುಡ್ಡು ಹಾಗೆ ಹೋಯಿತು. ಕೊನೆಗೆ 2011ರಲ್ಲಿ ಇಲ್ಲಿಯ ಟ್ರಾಯ್ ಥರದ ಸಂಸ್ಥೆಯಾದ ಎಫ್‌ಸಿಸಿ, ಹಂತ ಹಂತವಾಗಿ ಇದನ್ನೆಲ್ಲ ಸೊನ್ನೆಗೆ ತರುತ್ತೇವೆ ಅಂತ ಆದೇಶ ಮಾಡಿತು. ಅಲ್ಲಿಯ ರೈತರ ಹಳ್ಳಿಗೂ ನಮ್ಮ ಹಳ್ಳಿಗೂ ಕಷ್ಟ ಒಂದೇ ಥರ ಇದೆ ನೋಡಿ. ದೂರ ಜಾಸ್ತಿ, ಮನೆ ಕಮ್ಮಿ, ತಂತಿ ಉದ್ದ.

ಶ್ರೀರಂಗಪಟ್ಟಣ ಬೂತು

ಹಾಗಾದರೆ ಆ 6 ಪೈಸೆ ಇದ್ದಾಗ ರಿಂಗ್ ಬೇಗ ನಿಂತುಹೋಗುತ್ತಿತ್ತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ನಮ್ಮಮ್ಮ ಒಳಗಿಂದ ಬರೋ ಹೊತ್ತಿಗೆ ಕಟ್ ಆಗಿರೋದು.

ಹಳೇ ಎಕ್ಸ್‌ಚೇಂಜ್, ಮೈಸೂರು

ನೇರ ಸಂಬಂಧ ಇದೆ. ರಿಂಗ್ ಬೇಗ ನಿಂತರೆ ಅದು ಮಿಸ್ಡ್ ಕಾಲ್. ಅಮ್ಮ ವಾಪಸ್ ಮಾಡುತ್ತಾರೆ. ಆಗ 6 ಪೈಸೆ ಕೊಡಬೇಕಿದ್ದ ಕಂಪನಿಗೇ 6 ಪೈಸೆ ಬರುತ್ತದೆ. 2019ರಲ್ಲಿ ಕಂಪನಿಗಳು ಒಬ್ಬರನ್ನು ನೋಡಿ ಒಬ್ಬರು ರಿಂಗನ್ನು 25 ಸೆಕೆಂಡಿಗೆ ಇಳಿಸಿದರು. ನವೆಂಬರ್ 1ಕ್ಕೆ ಟ್ರಾಯ್ ಕಡ್ಡಾಯ ಮಾಡಿತು. ಮೊಬೈಲಿಗೆ 30 ಸೆಕೆಂಡು, ಲ್ಯಾಂಡ್‌ಲೈನಿಗೆ 60 ಸೆಕೆಂಡು. ವಯಸ್ಸಾದವರು ಎದ್ದು ಬರುವ ಹೊತ್ತನ್ನೂ ಪೈಸೆ ಲೆಕ್ಕದಲ್ಲಿ ಹಿಡಿದದ್ದು ನನಗೆ ಇವತ್ತಿಗೂ ಬೇಸರ.

ಒಂಟಿಕೊಪ್ಪಲಿನವ, ಈಗ ಅಮೆರಿಕದಲ್ಲಿ

ನಾನು ಇಲ್ಲಿಂದ ಮಾಡಿದಾಗ ಕೆಲವು ಸಲ ಅಮ್ಮನ ಫೋನಿನಲ್ಲಿ ಭಾರತದ ಯಾವುದೋ ನಂಬರ್ ಬರುತ್ತದೆ. ಇದೂ ಅದೇನಾ?

ಹಳೇ ಎಕ್ಸ್‌ಚೇಂಜ್, ಮೈಸೂರು

ಅದರ ಅಣ್ಣತಮ್ಮ. ಹೊರದೇಶದಿಂದ ಬರುವ ಕರೆಗೆ ಟರ್ಮಿನೇಷನ್ ಚಾರ್ಜು ಸೊನ್ನೆ ಆಗಿಲ್ಲ. 2020ರ ಮೇ ತಿಂಗಳಿಂದ ನಿಮಿಷಕ್ಕೆ 35ರಿಂದ 65 ಪೈಸೆ ಒಳಗೆ ಅಂತ ಇಟ್ಟರು. ಆ ದುಡ್ಡು ತಪ್ಪಿಸೋಕೆ ಕಳ್ಳರು ಸಿಮ್ ಬಾಕ್ಸ್, ಅಂದರೆ ಬಹಳ ಸಿಮ್ ಹಾಕಿದ ಪೆಟ್ಟಿಗೆ, ಇಟ್ಟು, ಇಂಟರ್ನೆಟ್ ಮೇಲೆ ಕರೆ ತಂದು ಲೋಕಲ್ ಕರೆ ಥರ ಬಿಡುತ್ತಾರೆ. ಅದು ಅಪರಾಧ. ಅಂಥ ನಂಬರ್ ಕಂಡರೆ ದೂರಸಂಪರ್ಕ ಇಲಾಖೆಗೆ ತಿಳಿಸಿ.

ಬೆಲ್ಲದ ಮಂಡಿ, ಮಂಡ್ಯ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ನನಗೆ ಅನ್ನಿಸಿದ್ದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಮೊದಲು ನನಗೆ ಒಂದು ಕರೆ ಬಂದರೆ ನನ್ನ ಕಂಪನಿಗೆ ಪೈಸೆ ಬರುತ್ತಿತ್ತು. ಕರೆ ಬರಲಿಲ್ಲ ಅಂದರೆ ಅವರಿಗೇ ನಷ್ಟ. ಅವರೇ ಓಡಿ ಬಂದು ನೋಡುತ್ತಿದ್ದರು. ಈಗ ನನಗೆ ದಿನಕ್ಕೆ ನೂರು ಕರೆ ಬಂದರೂ ಒಂದೇ, ಬಾರದಿದ್ದರೂ ಒಂದೇ. ಮಾಡುವವರ ಕಂಪನಿಗೂ ಹಾಗೇ. ಪ್ಯಾಕ್ ಹಾಕಿಸಿಕೊಂಡ ದುಡ್ಡು ಮೊದಲೇ ಬಂದಿರುತ್ತದೆ. ಹಾಗಾದರೆ ನನ್ನ ಫೋನ್ ರಿಂಗ್ ಆಗಬೇಕು ಅಂತ ಯಾರಿಗೆ ಅವಸರ? ನನಗೊಬ್ಬನಿಗೇ.

ಸೊನ್ನೆ ಮಾಡಿದ್ದು ತಪ್ಪು ಅಂತ ಹೇಳುತ್ತಿಲ್ಲ. ನಮ್ಮ ಆಲೆಮನೆಯ ಹುಡುಗರು ಬಿಹಾರದ ಊರಿಗೆ ದಿನಾ ಮಾತಾಡುತ್ತಾರೆ. ಅದಕ್ಕೆ ನನಗೂ ಸಂತೋಷ. ಆದರೆ ದುಡ್ಡು ಮಾಡುತ್ತಿದ್ದ ಕೆಲಸವನ್ನು ಈಗ ನಿಯಮ ಮಾಡಬೇಕಲ್ವಾ? ಎರಡು ಕಂಪನಿ ನಡುವೆ ದಾರಿ ತಪ್ಪಿದ ದೂರನ್ನು ಯಾವ ಕಡೆಯ ಗ್ರಾಹಕ ಕೊಟ್ಟರೂ ತೆಗೆದುಕೊಳ್ಳಬೇಕು. ನೀವು ನಮ್ಮ ಗ್ರಾಹಕರಲ್ಲ ಅನ್ನೋ ಮಾತು ಇರಬಾರದು. ಒಂದೇ ಡಾಕೆಟ್ ನಂಬರ್ ಎರಡೂ ಕಂಪನಿಯಲ್ಲಿ ಕಾಣಬೇಕು.

ಕುವೆಂಪುನಗರ ವಕೀಲೆ

ಸರ್, ಮನಸ್ಸಿಗೆ ನಾಟಿತು. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಕಾಲ್ ಡ್ರಾಪ್ ಆದರೆ ಗ್ರಾಹಕರಿಗೆ 1 ರೂಪಾಯಿ, ದಿನಕ್ಕೆ 3 ರೂಪಾಯಿವರೆಗೆ ಕೊಡಬೇಕು ಅಂತ ಟ್ರಾಯ್ ನಿಯಮ ಮಾಡಿತ್ತು. 2016ರ ಮೇ 11ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಯಾರ ತಪ್ಪಿನಿಂದ ಕರೆ ಕಡಿಯಿತು ಅಂತ ನೋಡದೆ ಎಲ್ಲಕ್ಕೂ ಕಂಪನಿಯನ್ನೇ ಹೊಣೆ ಮಾಡಿದ್ದು ಸರಿಯಲ್ಲ ಅನ್ನೋದು ಒಂದು ಕಾರಣ. ಹಾಗಾಗಿ ಪರಿಹಾರದ ದುಡ್ಡು ಕೇಳೋದಕ್ಕಿಂತ ನೀವು ಹೇಳಿದ ಜಂಟಿ ಡಾಕೆಟ್ ಗಟ್ಟಿ. ಟ್ರಾಯ್ ನಿಯಮ ಬದಲಿಸುವ ಮೊದಲು ಕರಡು ಹಾಕಿ ಜನರ ಅಭಿಪ್ರಾಯ ಕೇಳುತ್ತದೆ. ಯಾರು ಬೇಕಾದರೂ ಬರೆಯಬಹುದು. ಅಲ್ಲಿ ಕಂಪನಿಗಳ ಕಾಗದವೇ ಜಾಸ್ತಿ, ಅಂಗಡಿಯವರ ಕಾಗದ ಕಮ್ಮಿ. ನೀವು ಬರೆಯಿರಿ, ನಾನು ನೋಡಿಕೊಡುತ್ತೇನೆ.

ಹಳೇ ಎಕ್ಸ್‌ಚೇಂಜ್, ಮೈಸೂರು

ಈಗ ತಕ್ಷಣದ ಕೆಲಸ. ಆ ಮೊಬೈಲ್ ಕಂಪನಿಯ ಗ್ರಾಹಕರೊಬ್ಬರಿಂದ ಅವರ ಕಂಪನಿಗೆ ದೂರು ಕೊಡಿಸಿ. ಕೀಲಾರದವರೇ ಆಗಬಹುದು. ಅವರು ಗ್ರಾಹಕರು, ಬೇಡ ಅನ್ನೋ ಹಾಗಿಲ್ಲ. ಕರೆ ಮಾಡಿದ ದಿನ, ಗಂಟೆ, ನಿಮಿಷ, ಮಾಡಿದ ನಂಬರ್, ಕೇಳಿಸಿದ ಮಾತು ಬರೆದಿಟ್ಟುಕೊಳ್ಳಲಿ. ಮೂರು ಕರೆ ಸಾಕು. ನೀವು ನಿಮ್ಮ ಕಂಪನಿಗೆ ಕೊಡುವ ದೂರಿನಲ್ಲಿ 'ಫೋನ್ ಕೆಟ್ಟಿದೆ' ಅಂತ ಬರೆಯಬೇಡಿ. ಲೈನ್‌ಮನ್ ಬರುತ್ತಾರೆ, ಡಯಲ್ ಟೋನ್ ನೋಡಿ ಹೋಗುತ್ತಾರೆ. 'ಇಂಥ ಕಂಪನಿಯಿಂದ ಇನ್‌ಕಮಿಂಗ್ ಬರುತ್ತಿಲ್ಲ, ರೂಟಿಂಗ್ ಪರೀಕ್ಷಿಸಿ, ಫೈಬರ್‌ಗೆ ಬದಲಾದ ಮೇಲೆ ಶುರುವಾಗಿದೆ' ಅಂತಾನೇ ಬರೆಯಿರಿ. ಆಗ ಅದು ಸ್ವಿಚ್ ರೂಮಿಗೆ ಹೋಗುತ್ತದೆ.

ಬೆಲ್ಲದ ಮಂಡಿ, ಮಂಡ್ಯ (ಆರು ದಿನದ ನಂತರ)

ರಿಂಗ್ ಆಯಿತು! ಇವತ್ತು ಬೆಳಗ್ಗೆ ಕೀಲಾರದಿಂದಲೇ ಮೊದಲ ಕರೆ. ಹೇಳಿದ ಹಾಗೆ ಎರಡೂ ಕಡೆ ದೂರು ಹೋಗಿತ್ತು. ನಮ್ಮ ಕಂಪನಿಯ ಎಂಜಿನಿಯರ್ ಒಬ್ಬರು ಫೋನ್ ಮಾಡಿ ಮಾತಾಡಿದರು. ನಮ್ಮ ನಂಬರ್ ಒಂದೇ ಅಲ್ಲವಂತೆ. ಫೈಬರ್‌ಗೆ ಬದಲಾದ ಇನ್ನೂ ಕೆಲವು ಮಂಡ್ಯದ ನಂಬರುಗಳಿಗೂ ಆ ಮೊಬೈಲ್ ಕಂಪನಿಯಿಂದ ಹಳೇ ದಾರಿಯೇ ಇತ್ತಂತೆ. ಎಲ್ಲವನ್ನೂ ಸರಿ ಮಾಡಿಸಿದ್ದಾರೆ. ಅವರಲ್ಲಿ ಎಷ್ಟು ಜನಕ್ಕೆ ತಮಗೆ ಫೋನ್ ಬರುತ್ತಿರಲಿಲ್ಲ ಅನ್ನೋದೇ ಗೊತ್ತಿರಲಿಲ್ಲವೋ!

ಎಕ್ಸ್‌ಚೇಂಜ್ ಸರ್, ಮಂಡ್ಯಕ್ಕೆ ಬಂದರೆ ಮಂಡಿಗೆ ಬನ್ನಿ. ಹೊಸ ಬೆಲ್ಲ ಇಟ್ಟಿರುತ್ತೇನೆ. ಮೇಡಂ, ಟ್ರಾಯ್‌ಗೆ ಬರೆಯುವ ಕಾಗದ ಭಾನುವಾರ ಕೂತು ಬರೆಯುತ್ತೇನೆ.

ಪಾಂಡವಪುರ ಕ್ಲಿನಿಕ್

ಈಗ ತಾನೇ ಇದನ್ನು ಓದಿದೆ. ನಮ್ಮದು 08236 ನಂಬರ್, ಎರಡು ತಿಂಗಳ ಹಿಂದೆ ಫೈಬರ್ ಆಯಿತು. ಆಮೇಲಿಂದ ರೋಗಿಗಳ ಕರೆ ಕಮ್ಮಿಯಾಗಿದೆ ಅನ್ನಿಸುತ್ತಿತ್ತು. ಈಗ ಮೂರು ಕಂಪನಿಯ ಮೊಬೈಲಿನಿಂದ ಮಾಡಿಸಿ ನೋಡಿದೆವು. ಒಂದರಿಂದ ಬರುತ್ತಿಲ್ಲ.

ಹಳೇ ಎಕ್ಸ್‌ಚೇಂಜ್, ಮೈಸೂರು

ಡಾಕ್ಟ್ರೇ, ಪೂರ್ತಿ ನಂಬರ್ ಇಲ್ಲಿ ಹಾಕಬೇಡಿ. ಕೋಡ್ ಆದ ಮೇಲಿನ ಮೊದಲ ಮೂರು ಅಂಕಿ ಸಾಕು, ನನಗೆ ಮೆಸೇಜ್ ಮಾಡಿ. ಯಾವ ಕಂಪನಿ, ಕೇಳಿಸಿದ ಮಾತೇನು, ಎಷ್ಟು ಗಂಟೆಗೆ ಮಾಡಿದ್ದು, ಅಷ್ಟನ್ನೂ ಬರೆಯಿರಿ. ದೂರಿನ ಕಾಗದ ಇವತ್ತು ಸಂಜೆಯೊಳಗೆ ನಾನೇ ಬರೆದು ಕಳಿಸುತ್ತೇನೆ.